ಸಹಿಯಾದ ಆರು ಭೇಟಿಗಳು

ನನಗೆ ಇಪ್ಪತ್ತು ಮಕ್ಕಳು. ಹೆತ್ತದ್ದಲ್ಲ, ಸುತ್ತೋಲೆಯಲ್ಲಿ ಬಂದದ್ದು. ನಮ್ಮ ವಿಶ್ವವಿದ್ಯಾನಿಲಯಕ್ಕೆ ದರ್ಜೆ ಕೊಡುವ ತಂಡವೊಂದು ಬರಲಿದೆ ಎಂದು ಗೊತ್ತಾದ ವರ್ಷ, ಪ್ರತಿಯೊಬ್ಬ ಮೇಷ್ಟರೂ ಇಪ್ಪತ್ತು ವಿದ್ಯಾರ್ಥಿಗಳಿಗೆ ‘ಮೆಂಟರ್’ ಆಗತಕ್ಕದ್ದು ಎಂಬ ಆದೇಶ ಹೊರಟಿತು. ಮೆಂಟರ್ ಎಂದರೆ ಅರ್ಧ ಮೇಷ್ಟರು, ಅರ್ಧ ಸೋದರಮಾವ. ಮಗು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದೆಯೇ, ಮನೆಯಲ್ಲಿ ಏನಾದರೂ ತಾಪತ್ರಯವಿದೆಯೇ, ಪಾಠ ತಲೆಗೆ ಹತ್ತುತ್ತಿದೆಯೇ ಎಂದು ವಿಚಾರಿಸಿ ಪುಸ್ತಕದಲ್ಲಿ ಬರೆದಿಡಬೇಕು. ವಿಚಾರಿಸುವುದಕ್ಕಿಂತ ಬರೆದಿಡುವುದು ಮುಖ್ಯ ಎಂದು ಆದೇಶ ಬಾಯಿಬಿಟ್ಟು ಹೇಳಿರಲಿಲ್ಲ. ಮೂವತ್ತು ವರ್ಷ ಸರ್ವಿಸು ಮಾಡಿದವರಿಗೆ ಹೇಳಬೇಕಾಗಿಯೂ ಇರಲಿಲ್ಲ.

ಯಾವ ವಿಶ್ವವಿದ್ಯಾನಿಲಯ ಎಂದು ಕೇಳಬೇಡಿ. ನನಗಿನ್ನೂ ಎರಡು ವರ್ಷ ಸರ್ವಿಸಿದೆ, ಪಿಂಚಣಿಯ ಫೈಲು ಅವರ ಬೀರುವಿನಲ್ಲೇ ಇದೆ. ನಮ್ಮ ಮನೆ ನಂಜನಗೂಡಿನಲ್ಲಿ, ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವ ಮೇಷ್ಟರು ನಾನು. ಭೌತಶಾಸ್ತ್ರ ವಿಭಾಗದಲ್ಲಿ ಪಾಠ ಮಾಡುವುದು ಖಗೋಳಶಾಸ್ತ್ರ. ಬೀದಿಯ ತುಂಬ ಪೌರೋಹಿತ್ಯದ ಮನೆಗಳೇ ಇರುವುದರಿಂದ ಆಕಾಶದ ವಿಷಯದಲ್ಲಿ ಅಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ವಿಭಾಗದಲ್ಲಿಯೂ ಹೆಚ್ಚು ಕಡಿಮೆ ಹಾಗೆಯೇ.

ವಿಭಾಗದ ಮಹಡಿಯ ಮೇಲೆ ದೂರದರ್ಶಕದ ಗುಮ್ಮಟವೊಂದಿದೆ. ಉದ್ಘಾಟನೆಯ ದಿನ ತೆರೆದುಕೊಂಡಿತು, ಮುಂದಿನ ಮಳೆಗಾಲಕ್ಕೆ ತುಕ್ಕು ಹಿಡಿದು ಮುಚ್ಚಿಕೊಂಡಿತು. ಈಗ ಅದರೊಳಗೆ ಪಾರಿವಾಳಗಳು ಸಂಶೋಧನೆ ನಡೆಸುತ್ತಿವೆ. ಚಿಕ್ಕ ದೂರದರ್ಶಕಗಳನ್ನು ಇಟ್ಟುಕೊಂಡು ರಾತ್ರಿ ಆಕಾಶ ತೋರಿಸೋಣವೆಂದರೆ ಹೆಣ್ಣುಮಕ್ಕಳ ಹಾಸ್ಟೆಲಿನ ಗೇಟು ಆರೂವರೆಗೆ ಹಾಕುತ್ತಾರೆ, ಕಾವಲುಗಾರನಿಗೆ ಓವರ್‌ಟೈಮ್ ಕೊಡಲು ನಿಯಮವಿಲ್ಲ. ಹಾಗಾಗಿ ನಾನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಸೂರ್ಯನನ್ನೇ ಪ್ರಾಜೆಕ್ಟಾಗಿ ಕೊಡುತ್ತೇನೆ. ಕಚೇರಿಯ ವೇಳೆಯಲ್ಲಿ ಸಿಗುವ ನಕ್ಷತ್ರ ಅದೊಂದೇ.

ಕೆಲಸ ಬಹಳ ಸರಳ. ಮೊಣಕೈಯುದ್ದದ ದೂರದರ್ಶಕವನ್ನು ಸೂರ್ಯನ ಕಡೆ ತಿರುಗಿಸಬೇಕು. ಅದರೊಳಗೆ ಕಣ್ಣಿಟ್ಟು ನೋಡಬಾರದು, ನೋಡಿದರೆ ಕಣ್ಣು ಹೋಗುತ್ತದೆ. ಹಿಂದೆ ಬಿಳಿಯ ಹಾಳೆ ಹಿಡಿದರೆ ಸೂರ್ಯನ ಬಿಂಬ ಅದರ ಮೇಲೆ ತಟ್ಟೆಯಂತೆ ಬೀಳುತ್ತದೆ. ಅದರಲ್ಲಿ ಕಾಣುವ ಕಪ್ಪು ಕಲೆಗಳನ್ನು ಇದ್ದ ಜಾಗದಲ್ಲೇ ಪೆನ್ಸಿಲಿನಿಂದ ಗುರುತು ಮಾಡಿ, ಕೆಳಗೆ ತಾರೀಕು, ಹೊತ್ತು, ಸ್ಥಳ, ಆಕಾಶದ ಸ್ಥಿತಿ, ಕೊನೆಗೆ ಷರಾ ಬರೆಯಬೇಕು. ದಿನಕ್ಕೊಂದು ಹಾಳೆ. ಹತ್ತಾರು ಹಾಳೆ ಜೋಡಿಸಿ ನೋಡಿದರೆ ಕಲೆಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವುದು ತಿಳಿಯುತ್ತದೆ. ಸೂರ್ಯನೂ ತಿರುಗುತ್ತಿದ್ದಾನೆ ಎಂಬುದನ್ನು ಮಗು ತನ್ನ ಕೈಯಾರೆ ಕಂಡುಕೊಳ್ಳುತ್ತದೆ.

ಈ ಕೆಲಸದಲ್ಲಿ ನನ್ನದು ಒಂದೇ ಕಟ್ಟಪ್ಪಣೆ. ಕಂಡದ್ದನ್ನು ಬರೆಯಿರಿ. ಮೋಡವಿದ್ದರೆ ಮೋಡ ಎಂದು ಬರೆಯಿರಿ. ಕಾಣದ್ದನ್ನು ಕಂಡೆ ಎಂದು ಬರೆದರೆ ನನ್ನ ಕಣ್ಣೆದುರು ನಿಲ್ಲಬೇಡಿ. ಒಂದು ವರ್ಷ ಇಬ್ಬರು ಹುಡುಗರು, ಇಡೀ ದಿನ ಜಿಟಿಜಿಟಿ ಮಳೆ ಹಿಡಿದಿದ್ದ ತಾರೀಕಿಗೆ ಏಳು ಕಲೆಗಳಿರುವ ಸೊಗಸಾದ ಸೂರ್ಯನನ್ನು ಬರೆದು ತಂದಿದ್ದರು. ಅವರ ರೆಕಾರ್ಡಿಗೆ ಇಡೀ ತರಗತಿಯ ಎದುರು ಅಡ್ಡಗೆರೆ ಎಳೆದೆ. ‘ಆಕಾಶದ ಬಗ್ಗೆಯೇ ಸುಳ್ಳು ಹೇಳುವವನು ನೆಲದ ಮೇಲೆ ಇನ್ನೇನು ಹೇಳಿಯಾನು’ ಎಂದು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಆ ಭಾಷಣ ನನಗೇ ಬಹಳ ಹಿಡಿಸಿಬಿಟ್ಟಿತು. ಅಲ್ಲಿಂದಾಚೆಗೆ ಪ್ರತಿ ವರ್ಷವೂ ಮೊದಲ ತರಗತಿಯಲ್ಲಿ ಅದನ್ನೇ ಬಿಗಿಯುತ್ತ ಬಂದೆ.

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಬದನೆಕಾಯಿಯ ಕಥೆ ಈಗ ಶುರುವಾಗುತ್ತದೆ.

ಮೆಂಟರ್ ಪುಸ್ತಕ ದಪ್ಪ ರಟ್ಟಿನದು, ಮೇಲೆ ವಿಶ್ವವಿದ್ಯಾನಿಲಯದ ಲಾಂಛನ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದು ಪುಟ, ಸೆಮಿಸ್ಟರಿಗೆ ಆರು ಭೇಟಿ. ಪ್ರತಿ ಭೇಟಿಗೂ ತಾರೀಕು, ವಿದ್ಯಾರ್ಥಿಯ ಸಮಸ್ಯೆ, ನೀಡಿದ ಪರಿಹಾರ, ಇಬ್ಬರ ಸಹಿ. ವೇಳಾಪಟ್ಟಿಯಲ್ಲಿ ಬುಧವಾರ ಹನ್ನೊಂದು ಗಂಟೆಗೆ ‘ಮೆಂಟರ್ ಅವಧಿ’ ಎಂದು ಹಾಕಿ, ನಮ್ಮ ನಮ್ಮ ಬಾಗಿಲ ಮೇಲೆ ಅದರ ಬೋರ್ಡನ್ನೂ ತೂಗುಹಾಕಿದರು. ಪುಸ್ತಕ ಬಂದ ದಿನ ವಿಭಾಗದ ಗುಮಾಸ್ತರು ನನ್ನ ಮೇಲಿನ ಅಭಿಮಾನದಿಂದ ಒಂದು ಉಪಾಯ ಹೇಳಿಕೊಟ್ಟರು. “ಸಾರ್, ಹುಡುಗ್ರ ಸಹಿ ಈಗ್ಲೇ ತಗೊಂಬುಡಿ. ಆಮೇಲೆ ಅವ್ರು ಎಲ್ಲಿ ಸಿಕ್ತಾರೆ? ತಾರೀಕು ನಿಧಾನುಕ್ ಆಕ್ಕೊಂಡ್ರಾಯ್ತು.”

ನನ್ನ ಇಪ್ಪತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಒಬ್ಬೊಬ್ಬರೂ ಆರಾರು ಸಹಿ ಹಾಕಿ ಮುಂದಕ್ಕೆ ಹೋದರು. ಕಾಲು ಗಂಟೆಯಲ್ಲಿ ನೂರಿಪ್ಪತ್ತು ಭೇಟಿಗಳು ಮುಗಿದವು. ಒಬ್ಬಳು ಮಾತ್ರ ಪೆನ್ನು ಹಿಡಿದು ನಿಂತಳು. ತಿ. ನರಸೀಪುರದಿಂದ ಆಚೆ, ಮೂಗೂರಿನ ಹತ್ತಿರದ ಹಳ್ಳಿಯ ಹುಡುಗಿ. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಬಸ್ಸಿನ ಪಾಸು.

“ಸಾ, ಇದ್ರಲ್ಲಿ ತಾರೀಕೇ ಇಲ್ವಲ್ಲ?”

“ಅದನ್ನ ನಾನು ಹಾಕ್ಕೋತೀನಿ. ನೀನು ಸಹಿ ಮಾಡಮ್ಮ.”

ಮಾಡಿದಳು. ಆ ಸೆಮಿಸ್ಟರಿನಲ್ಲಿ ನಾನು ಮೆಂಟರಾಗಿ ಅವಳ ಜೊತೆ ಆಡಿದ ಮಾತು ಅಷ್ಟೇ.

ಅವಳ ಪ್ರಾಜೆಕ್ಟಿಗೆ ಕೂಡ ನಾನೇ ಮೇಷ್ಟರು. ಒಂದು ಚಿಕ್ಕ ದೂರದರ್ಶಕವನ್ನು ಸಹಿ ಹಾಕಿಸಿಕೊಂಡು ಮನೆಗೆ ಕೊಟ್ಟು ಕಳಿಸಿದ್ದೆ. ಹದಿನೈದು ದಿನಕ್ಕೊಮ್ಮೆ ಸೂರ್ಯನ ಹಾಳೆಗಳ ಕಟ್ಟು ನನ್ನ ಮೇಜಿಗೆ ಬರುತ್ತಿತ್ತು. ಮೊದಮೊದಲು ಅವಳೇ ತರುತ್ತಿದ್ದಳು. ಆಮೇಲೆ ಅವಳ ಬಸ್ಸಿನಲ್ಲಿ ಬರುವ ಬೇರೆ ವಿಭಾಗದ ಹುಡುಗಿಯೊಬ್ಬಳು ತಂದುಕೊಡತೊಡಗಿದಳು. “ಅಲ್ಲಿಡಮ್ಮ” ಎನ್ನುತ್ತಿದ್ದೆ. ಚಿತ್ರಗಳು ಅಚ್ಚುಕಟ್ಟಾಗಿರುತ್ತಿದ್ದವು. ಸಂತೋಷದಿಂದ ಪ್ರತಿ ಹಾಳೆಯ ಕೆಳಗೂ ‘ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ. ಒಮ್ಮೆ ಸೂರ್ಯನ ಅಂಚಿನಲ್ಲಿ ದೊಡ್ಡದೊಂದು ಹಳದಿ ಕಲೆ ಕಂಡು, ‘ಬಹಳ ದೊಡ್ಡ ಗುಂಪು, ನಾಳೆಯೂ ಗಮನಿಸು’ ಎಂದು ಷರಾ ಬರೆದೆ. ಮುಂದಿನ ಕಟ್ಟಿನ ಮೊದಲ ಹಾಳೆಯಲ್ಲಿ ಅವಳು ವಿನಯದಿಂದ ಉತ್ತರ ಬರೆದಿದ್ದಳು: ‘ಸರ್, ಅದು ಸೂರ್ಯನದಲ್ಲ, ಸಾರಿನದು.’ ಜೋರಾಗಿ ನಕ್ಕೆ, ಪಕ್ಕದ ರೂಮಿನವರಿಗೂ ತೋರಿಸಿದೆ. ಪ್ರಾಜೆಕ್ಟಿನ ಹಾಳೆಯ ಮೇಲೆ ಸಾರು ಏಕೆ ಬೀಳುತ್ತಿದೆ ಎಂದು ನನಗೆ ಹೊಳೆಯಲಿಲ್ಲ. ತರಗತಿಯಲ್ಲಿ ಅವಳ ಜಾಗ ಖಾಲಿಯಾಗಿದ್ದದ್ದೂ ಕಾಣಲಿಲ್ಲ. ಹದಿನೈದು ಕೋಟಿ ಕಿಲೋಮೀಟರು ದೂರದ ಕಲೆ ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ದರ್ಜೆ ಕೊಡುವ ತಂಡ ಬರುವ ಹಿಂದಿನ ಭಾನುವಾರ, ನಂಜನಗೂಡಿನ ಮನೆಯಲ್ಲಿ ಊಟದ ಮೇಜಿನ ಮೇಲೆ ಮೆಂಟರ್ ಪುಸ್ತಕ ಹರಡಿಕೊಂಡು ಕೂತೆ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಹಬ್ಬ ಹರಿದಿನ ಬಿಟ್ಟು ಆರು ಬುಧವಾರ ಆರಿಸಿದೆ. ಗ್ರಹಗಳ ಗತಿ ಲೆಕ್ಕ ಹಾಕಿ ಪಳಗಿದ ತಲೆ, ಒಂದು ರಜಾದಿನವೂ ತಪ್ಪಿ ನುಸುಳಲಿಲ್ಲ. ಒಂದೇ ಸಲಕ್ಕೆ ಕೂತು ಬರೆದದ್ದು ಗೊತ್ತಾಗಬಾರದೆಂದು ಮೂರು ಪೆನ್ನು ಬಳಸಿದೆ. ಎರಡು ಕಡೆ ಬೇಕೆಂದೇ ಅಕ್ಷರ ಹೊಡೆದುಹಾಕಿದೆ. ಒಂದು ಪುಟದ ಮೇಲೆ ಕಾಫಿ ಲೋಟದ ಗುರುತನ್ನೂ ಒತ್ತಿದೆ. ಸಮಸ್ಯೆ: ಇಲ್ಲ. ಪರಿಹಾರ: ಹೀಗೇ ಮುಂದುವರಿಯಲು ಪ್ರೋತ್ಸಾಹಿಸಲಾಯಿತು. ಹಾಜರಾತಿ: ತೃಪ್ತಿಕರ. ಎದುರಿಗೆ ಕೂತು ಅವರೆಕಾಳು ಸುಲಿಯುತ್ತಿದ್ದ ನನ್ನ ಹೆಂಡತಿ ಸ್ವಲ್ಪ ಹೊತ್ತು ನೋಡಿ ಕೇಳಿದಳು. “ಏನ್ರೀ, ಇಪ್ಪತ್ತು ಮಕ್ಳಲ್ಲಿ ಒಂದಕ್ಕೂ ಒಂದು ತೊಂದ್ರೆ ಇಲ್ವಾ? ನಮಗಿರೋದು ಒಂದೇ, ಅದಕ್ಕೇ ದಿನಕ್ಕೆ ನಾಲ್ಕು ಇರುತ್ತೆ.”

“ತೊಂದ್ರೆ ಬರೆದ್ರೆ ಪರಿಹಾರಾನೂ ಬರೀಬೇಕಾಗುತ್ತೆ. ಸುಮ್ನಿರು” ಎಂದೆ.

ತಂಡ ಬಂತು. ಶಾಲು, ಹಾರ, ಹಣ್ಣಿನ ಬುಟ್ಟಿ. ನನ್ನ ಪುಸ್ತಕವನ್ನು ಮಾದರಿ ಎಂದು ಮೇಜಿನ ಮಧ್ಯದಲ್ಲಿ ತೆರೆದಿಟ್ಟರು. ತಂಡದ ಹಿರಿಯರೊಬ್ಬರು ಕಾಫಿಯ ಗುರುತಿನ ಪುಟವನ್ನೇ ಬೆರಳಿನಿಂದ ಸವರಿ, “ಇದು ನಿಜವಾಗಿ ಬಳಕೆಯಾದ ಪುಸ್ತಕ” ಎಂದು ಮೆಚ್ಚಿಕೊಂಡರು. ನಾನು ತಲೆ ತಗ್ಗಿಸಿ ನಮಸ್ಕಾರ ಮಾಡಿದೆ.

ಇದಾಗಿ ಎರಡು ವಾರಕ್ಕೆ ಆ ಹುಡುಗಿಯ ಫೋನು ಬಂತು. “ಸಾ, ಹಾಲ್ ಟಿಕೆಟ್ ಪಟ್ಟಿಲಿ ನನ್ನೆಸ್ರಿಲ್ಲ. ಅಟೆಂಡೆನ್ಸ್ ಸಾಲ್ದು ಅಂತವ್ರೆ.”

ವಿಚಾರಿಸಿದೆ. ಅವಳ ತಾಯಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವರು. ಸೆಪ್ಟೆಂಬರಿನಲ್ಲಿ ಅಡುಗೆಮನೆಯ ಒದ್ದೆ ಕಲ್ಲಿನ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಬಹಳ ದಿನ ಬಾರದೆ ಇದ್ದರೆ ಆ ಕೆಲಸ ಬೇರೆಯವರ ಪಾಲಾಗುತ್ತದೆ, ಕೇಳುವವರು ಊರಲ್ಲಿ ಐದಾರು ಜನ ಇದ್ದರು. ಹಾಗಾಗಿ ಎರಡು ತಿಂಗಳಿಂದ ತಾಯಿಯ ಬದಲು ಇವಳೇ ಹೋಗಿ ಮಕ್ಕಳಿಗೆ ಅಡುಗೆ ಮಾಡುತ್ತಿದ್ದಳು. ಅನ್ನಕ್ಕಿಟ್ಟು ಅದು ಬೇಯುವ ಹೊತ್ತಿನಲ್ಲಿ ಶಾಲೆಯ ಅಂಗಳದಲ್ಲಿ ದೂರದರ್ಶಕ ನಿಲ್ಲಿಸಿ ಸೂರ್ಯನನ್ನು ಬರೆಯುತ್ತಿದ್ದಳು.

ನನಗೆ ಕೋಪ ಬಂತು. “ನಾನು ನಿನ್ನ ಮೆಂಟರ್ ಅಲ್ವೇನಮ್ಮ? ಒಂದು ಮಾತು ಬಂದು ಹೇಳಬಾರದಿತ್ತಾ? ಎಲ್ಲ ಮುಗಿದ ಮೇಲೆ ಫೋನ್ ಮಾಡ್ತೀಯಲ್ಲ” ಎಂದು ರೇಗಿದೆ.

ಆ ಕಡೆಯಿಂದ “ತಪ್ಪಾಯ್ತು ಸಾ” ಎಂದಳು.

ಪರೀಕ್ಷೆಗೆ ಕೂರದಿದ್ದರೆ ಅವಳಿಗೆ ಒಂದು ವರ್ಷವೇ ಹೋಗುತ್ತದೆ. ಆ ಮನೆಯಲ್ಲಿ ಇನ್ನೊಂದು ವರ್ಷ ಓದಿಸುವುದಿಲ್ಲ ಎಂಬುದು ಅವಳು ಹೇಳದೆಯೂ ತಿಳಿಯುವಂತಿತ್ತು. ಹಾಜರಾತಿ ಕೊರತೆ ಮನ್ನಿಸಬೇಕೆಂದು ಎರಡು ಪುಟದ ಶಿಫಾರಸು ಪತ್ರ ಬರೆದೆ. ತಾಯಿಯ ಸೇವೆ, ಮಕ್ಕಳ ಹಸಿವು ಎಲ್ಲವನ್ನೂ ಸೇರಿಸಿದ್ದೆ. ಓದಿಕೊಂಡು ನನ್ನ ಬರವಣಿಗೆಗೆ ನಾನೇ ತಲೆದೂಗಿದೆ.

ಮೂರು ಜನರ ಸಮಿತಿ ನನ್ನನ್ನು ಕರೆಸಿತು. ಡೀನ್ ಸಾಹೇಬರು, ಇನ್ನೊಂದು ವಿಭಾಗದ ಹಿರಿಯ ಅಧ್ಯಾಪಕಿ, ಕಡತ ಹಿಡಿದ ಸೆಕ್ಷನ್ ಆಫೀಸರು. ಆ ದಿನಗಳಲ್ಲಿ ಎಲ್ಲಿದ್ದೆ ಎಂಬುದಕ್ಕೆ ಕಾಗದ ಕೊಡು ಎಂದು ಸಮಿತಿ ಹುಡುಗಿಯನ್ನು ಮೊದಲೇ ಕೇಳಿತ್ತು. ಶಾಲೆಯ ಮುಖ್ಯೋಪಾಧ್ಯಾಯರು ಕೊಡುವಂತಿಲ್ಲ, ಒಬ್ಬರ ಕೆಲಸ ಇನ್ನೊಬ್ಬರು ಮಾಡಿದರೆಂದು ಬರೆದುಕೊಟ್ಟರೆ ಅವರ ತಲೆಗೇ ಬರುತ್ತದೆ. ಪಾಪ, ಅವಳ ಹತ್ತಿರ ಸ್ಥಳ, ತಾರೀಕು, ಹೊತ್ತು ಇರುವ ಕಾಗದ ಇದ್ದದ್ದು ಒಂದೇ. ಸೂರ್ಯನ ಹಾಳೆಗಳನ್ನು ದಾರ ಹಾಕಿ ಹೊಲಿದು ಪುಸ್ತಕ ಮಾಡಿ ಕೊಟ್ಟಿದ್ದಳು.

ಸೆಕ್ಷನ್ ಆಫೀಸರು ಎರಡು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟರು. “ಸಾರ್, ನಿಮ್ಮ ಮೆಂಟರ್ ಪುಸ್ತಕದಲ್ಲಿ ಆರು ಬುಧವಾರ ಹನ್ನೊಂದು ಗಂಟೆಗೆ ಈ ಹುಡುಗಿ ನಿಮ್ಮ ರೂಮಲ್ಲಿದಾಳೆ. ಅವಳ ಪುಸ್ತಕದಲ್ಲಿ ಅದೇ ಬುಧವಾರಗಳಲ್ಲಿ ನಾಲ್ಕು ದಿನ, ಅದೇ ಹನ್ನೊಂದು ಗಂಟೆಗೆ ಶಾಲೆ ಅಂಗಳದಲ್ಲಿದಾಳೆ. ಎರಡು ದಿನ ಮಾತ್ರ ನಿಮ್ಮ ವಿಭಾಗದ ಮಹಡಿ ಅಂತಿದೆ, ಅದು ತಾಳೆ ಆಗುತ್ತೆ.”

“ಒಂದೇ ಹೊತ್ತಿಗೆ ಎರಡು ಕಡೆ ಇರೋಕಾಗುತ್ತಾ?” ಡೀನ್ ನಕ್ಕರು. “ನೀವೇ ಹೇಳಿ, ನೀವು ಫಿಸಿಕ್ಸಿನವರು.”

ನಾನು ಮೆಂಟರ್ ಪುಸ್ತಕದಲ್ಲಿ ಬರೆದದ್ದನ್ನು ಮರೆತೇಬಿಟ್ಟಿದ್ದೆ. ಸುಳ್ಳಿನ ತೊಂದರೆಯೇ ಅದು, ಬರೆದವನ ತಲೆಯಲ್ಲಿ ನಿಲ್ಲುವುದಿಲ್ಲ. ಅಲ್ಲಿ ಅವಳ ಸಹಿಯೂ ಇತ್ತು, ನನ್ನ ಸಹಿಯೂ ಇತ್ತು. ಇಲ್ಲಿಯೂ ಅವಳ ಸಹಿ, ನನ್ನ ಸಹಿ. ಆದರೆ ಒಂದಕ್ಕೆ ರಟ್ಟು, ಲಾಂಛನ, ತಂಡದ ಮೆಚ್ಚುಗೆ. ಇನ್ನೊಂದಕ್ಕೆ ದಾರ, ಅರಿಸಿನದ ಕಲೆ. ಯಾವುದು ಸುಳ್ಳು ಎಂದು ತೀರ್ಮಾನಿಸಲು ಸಮಿತಿಗೆ ಎರಡು ನಿಮಿಷವೂ ಬೇಕಾಗಲಿಲ್ಲ. ಹುಡುಗಿ ಮನೆಯಲ್ಲಿ ಕೂತು ಇಂಟರ್ನೆಟ್ಟಿನಿಂದ ಸೂರ್ಯನನ್ನು ನಕಲು ಮಾಡಿದ್ದಾಳೆ. ಹಾಜರಾತಿಯ ಮಾತು ಹಾಗಿರಲಿ, ಪ್ರಾಜೆಕ್ಟನ್ನೇ ರದ್ದು ಮಾಡಬೇಕು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅದರ ಬದಲು ವಿಜ್ಞಾನ ಹೇಳಲು ಶುರು ಮಾಡಿದೆ. ನಕಲು ಮಾಡುವವಳು ಹನ್ನೊಂದು ದಿನ ‘ಮೋಡ’ ಎಂದು ಬರೆದು ಖಾಲಿ ಬಿಡುತ್ತಾಳೆಯೇ? ಮೊದಲ ವಾರ ಬಿಂಬದ ಎಡಬಲ ತಿರುವುಮುರುವು ಮಾಡಿ, ಎಂಟನೆಯ ದಿನ ತಾನೇ ತಿದ್ದಿಕೊಳ್ಳುತ್ತಾಳೆಯೇ? ಅರ್ಧ ಗಂಟೆ ವಾದಿಸಿದೆ, ಬೋರ್ಡಿನ ಮೇಲೆ ಚಿತ್ರ ಬರೆದೆ, ಬೆವರೊರೆಸಿಕೊಂಡೆ. ‘ನನ್ನದೇ ಸುಳ್ಳು’ ಎಂಬ ಎರಡು ಪದ ತಪ್ಪಿಸುವುದಕ್ಕೆ ಇಷ್ಟೊಂದು ವಿಜ್ಞಾನ ಬೇಕಾಯಿತು.

ಅಷ್ಟು ಹೊತ್ತೂ ಸುಮ್ಮನಿದ್ದ ಅಧ್ಯಾಪಕಿ ಕನ್ನಡಕ ತೆಗೆದು ಕೇಳಿದರು. “ಹಾಗಾದ್ರೆ ಸಾರ್, ಹುಡುಗಿ ಪುಸ್ತಕ ನಿಜ ಅಂತಾದ್ರೆ...” ಎಂದು ನನ್ನ ಪುಸ್ತಕದ ಕಡೆ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ.

ಡೀನ್ ಸಾಹೇಬರಿಗೆ ಥಟ್ಟನೆ ಎಲ್ಲವೂ ಅರ್ಥವಾಯಿತು. ಅವರೂ ಇಪ್ಪತ್ತು ಮಕ್ಕಳ ತಂದೆಯೇ. ನನ್ನ ಪುಸ್ತಕ ಸುಳ್ಳಾದರೆ ಎಲ್ಲರ ಪುಸ್ತಕವೂ ಹೋಗುತ್ತದೆ, ಅದರ ಹಿಂದೆ ದರ್ಜೆಯೂ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ದಾರಿಯೊಂದನ್ನು ಅವರು ಅಲ್ಲೇ ಕಂಡುಹಿಡಿದರು. “ನಾಲ್ಕೇ ಹಾಳೆ ಅಲ್ವಾ? ಆ ನಾಲ್ಕು ದಿನ ಮೋಡ, ವೀಕ್ಷಣೆ ಮಾಡಲಿಲ್ಲ, ಕ್ಯಾಂಪಸ್ಸಿಗೆ ಬಂದಿದ್ದೆ ಅಂತ ಬೇರೆ ಹಾಳೆ ಬರೆದುಕೊಡಲಿ. ನೀವು ಸಹಿ ಹಾಕಿ. ಮಿಕ್ಕ ಹಾಜರಾತಿ ನಾವು ನೋಡ್ಕೋತೀವಿ. ಶುಕ್ರವಾರದೊಳಗೆ ಬರಲಿ. ಮೆಂಟರ್ ನೀವು, ನೀವೇ ಹೇಳಿ ಹುಡುಗಿಗೆ.”

ಹೊರಗೆ ಬಂದಾಗ ನನಗೆ ನಿರಾಳವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ. ಹುಡುಗಿಗೆ ಪರೀಕ್ಷೆ ಸಿಗುತ್ತದೆ, ನನಗೆ ಮರ್ಯಾದೆ ಉಳಿಯುತ್ತದೆ, ಸೂರ್ಯನಿಗೆ ನಾಲ್ಕು ದಿನ ಮೋಡ ಮುಸುಕಿದರೆ ಅವನೇನು ಮೇಲ್ಮನವಿ ಹಾಕುತ್ತಾನೆಯೇ?

ಮಾರನೆಯ ಬೆಳಿಗ್ಗೆ ನಂಜನಗೂಡಿನಿಂದ ತಿ. ನರಸೀಪುರದ ಬಸ್ಸು ಹಿಡಿದೆ. ಅಲ್ಲಿ ಇಳಿದು ಮೂಗೂರಿನ ಕಡೆಯ ಬಸ್ಸು, ಆಮೇಲೆ ಒಂದು ಆಟೋ. ಶಾಲೆ ಮುಟ್ಟಿದಾಗ ಹನ್ನೊಂದು ಹೊಡೆದಿತ್ತು. ಅಡುಗೆಮನೆಯ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳ ತಾಯಿ ಕೂತಿದ್ದರು, ಪಟ್ಟಿ ಸುತ್ತಿದ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿಕೊಂಡು, ಒಳಗಿದ್ದ ಮಗಳಿಗೆ ಉಪ್ಪು ಖಾರ ಹೇಳುತ್ತಿದ್ದರು. ದೂರದರ್ಶಕ ಅಕ್ಕಿ ಮೂಟೆಗೆ ಒರಗಿ ನಿಂತಿತ್ತು, ಅದಕ್ಕೆ ಹಳೆ ಸೀರೆಯ ತುಂಡಿನ ಮುಸುಕು. ನಮ್ಮ ವಿಭಾಗದಲ್ಲಿ ಅದನ್ನು ಯಾರೂ ಇಷ್ಟು ಜೋಪಾನವಾಗಿ ಇಟ್ಟದ್ದಿಲ್ಲ.

ನಾನು ಯಾರೆಂದು ಹೇಳಿಕೊಂಡೆ. ತಾಯಿ ಕೂತಲ್ಲೇ ಕೈಮುಗಿದರು. “ಬನ್ನಿ ಮೇಷ್ಟ್ರೇ, ಕುಂತ್ಕಳಿ. ನನ್ ಕಾಲ್ ನೋಡಿ, ಎದ್ದು ಮರ್ವಾದಿ ಮಾಡಕ್ಕೂ ಆಗಕಿಲ್ಲ.”

ಹುಡುಗಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಸಮಿತಿ ಹೇಳಿದ್ದನ್ನು ಹೇಳಿದೆ. ನಾಲ್ಕು ಹಾಳೆ, ನಾಲ್ಕು ತಾರೀಕು, ಅಷ್ಟಾದರೆ ಹಾಲ್ ಟಿಕೆಟ್ಟು. ನನ್ನ ದನಿ ನನಗೇ ಗುಮಾಸ್ತರ ದನಿಯಂತೆ ಕೇಳಿಸುತ್ತಿತ್ತು. ಅವಳು ಅಳುತ್ತಾಳೆ ಅಥವಾ ವಾದ ಮಾಡುತ್ತಾಳೆ ಎಂದುಕೊಂಡು ದಾರಿಯುದ್ದಕ್ಕೂ ಉತ್ತರಗಳನ್ನು ಸಿದ್ಧ ಮಾಡಿಕೊಂಡು ಬಂದಿದ್ದೆ. ಯಾವುದೂ ಬೇಕಾಗಲಿಲ್ಲ.

“ಆಯ್ತು ಸಾ. ನೀವೇಳುದ್ರೆ ಬರೀತೀನಿ.” ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಹೊಸ ಹಾಳೆ, ಪೆನ್ನು ತಂದಳು. ಜಗಲಿಯ ಮೇಲೆ ಕೂತು ಮೊದಲ ತಾರೀಕು ಬರೆದು, ತಲೆಯೆತ್ತಿ ಕೇಳಿದಳು. “ಮೋಡ ಅಂತ ಬರೀಲಾ ಸಾ, ಮಳೆ ಅಂತ ಬರೀಲಾ?”

ತಾಯಿಗೆ ಗಾಬರಿಯಾಯಿತು. “ಏನ್ ಮೇಷ್ಟ್ರೇ, ಇವ್ಳೇನಾರ ತಪ್ ಬರ್ದವ್ಳಾ?”

“ಇಲ್ಲಮ್ಮ, ಸಣ್ಣ ತಿದ್ದುಪಡಿ.”

“ತಪ್ ಬರೆಯೋಳಲ್ಲ ಬುಡಿ. ಒಂದಿನ ಮೋಡ ಆಗಿತ್ತು. ‘ಸುಮ್ಕೆ ನೆನ್ನೆದ್ನೇ ನೋಡ್ಕಂಡು ಬರ್ದಾಕವ್ವ, ಸಾರು ಸೀದೋಯ್ತದೆ’ ಅಂದೆ. ‘ಸುಳ್ಳು ಬರುದ್ರೆ ನಮ್ ಸಾ ಎದ್ರುಗೇ ನಿಲ್ಸಾಕಿಲ್ಲ ಕಣವ್ವ’ ಅಂದ್ಲು. ನೀವು ಒಳ್ಳೇದ್ನೇ ಕಲ್ಸಿದೀರಿ.”

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷದ ಸರ್ವಿಸಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನನ್ನ ಭಾಷಣವನ್ನು ನಿಜವೆಂದು ನಂಬಿದ ಒಂದೇ ಒಂದು ಜೀವ ಆ ಅಡುಗೆಮನೆಯಲ್ಲಿತ್ತು, ಅದನ್ನು ಕೆಡಿಸಲು ನಾನೇ ಎರಡು ಬಸ್ಸು ಹತ್ತಿಳಿದು ಬಂದಿದ್ದೆ. ಅವಳ ಕೈಯಿಂದ ಪೆನ್ನು ತೆಗೆದುಕೊಂಡೆ. ಅವಳು ತಾರೀಕು ಬರೆದಿದ್ದ ಹಾಳೆಯನ್ನು ಹರಿದೆ. ಇನ್ನೊಂದು ಹಾಳೆ ಇಸಿದುಕೊಂಡು ಸಮಿತಿಗೆ ಪತ್ರ ಬರೆದೆ. ಈ ಕೆಳಗಿನ ನಾಲ್ಕು ದಿನಗಳಂದು ನಾನು ಈ ವಿದ್ಯಾರ್ಥಿನಿಯನ್ನು ಭೇಟಿ ಮಾಡಿಲ್ಲ. ಮೆಂಟರ್ ಪುಸ್ತಕದಲ್ಲಿ ನಾನು ಬರೆದದ್ದು ಸುಳ್ಳು. ವಿದ್ಯಾರ್ಥಿನಿಯ ಸಹಿಯನ್ನು ತಾರೀಕಿಲ್ಲದ ಪುಟದ ಮೇಲೆ ಮೊದಲೇ ಪಡೆದಿದ್ದೆ. ಅವಳ ವೀಕ್ಷಣೆಗಳು ಸರಿಯಾಗಿವೆ.

ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು, ಅವಳು ಬಡಿಸಲು ಓಡಿದಳು. ತಾಯಿ ನನಗೂ ಒಂದು ತಟ್ಟೆ ಹಾಕಿಸಿದರು. ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಅನ್ನ ಸಾರು ಉಂಡು ಬಂದೆ.

ಪತ್ರ ಓದಿದ ಡೀನ್ ಸಾಹೇಬರ ಮುಖ ಹುಳ್ಳಗಾಯಿತು. “ನಿಮಗಿನ್ನೂ ಎರಡು ವರ್ಷ ಇದೆ ಅಲ್ವಾ?” ಎಂದು ಕೇಳಿದರು. ಇದೆ ಎಂದೆ. ಪತ್ರ ಹಿಂದಕ್ಕೆ ತೆಗೆದುಕೊಳ್ಳಲು ಅರ್ಧ ದಿನ ಸಮಯ ಕೊಟ್ಟರು, ತೆಗೆದುಕೊಳ್ಳಲಿಲ್ಲ. ಅಧ್ಯಾಪಕಿ ನನ್ನ ಪತ್ರಕ್ಕೆ ಸ್ವೀಕೃತಿಯ ಮೊಹರು ಹೊಡೆಸಿದ ಮೇಲೆ ಯಾರಿಗೂ ಬೇರೆ ದಾರಿ ಉಳಿಯಲಿಲ್ಲ. ಹುಡುಗಿಗೆ ಹಾಲ್ ಟಿಕೆಟ್ಟು ಬಂತು, ಪ್ರಾಜೆಕ್ಟು ಉಳಿಯಿತು. ನನಗೆ ಕಾರಣ ಕೇಳಿ ನೋಟೀಸು ಬಂತು. ನನ್ನ ಇಪ್ಪತ್ತು ಮಕ್ಕಳನ್ನು ಇನ್ನೊಬ್ಬರಿಗೆ ದತ್ತು ಕೊಟ್ಟರು. ದರ್ಜೆಗೆ ಮಾತ್ರ ಏನೂ ಆಗಲಿಲ್ಲ, ನನ್ನ ಪತ್ರ ಹೋಗಿ ಸೇರಿದ ಕಡತದಿಂದ ಇದುವರೆಗೆ ಯಾವ ಕಾಗದವೂ ಹೊರಗೆ ಬಂದದ್ದಿಲ್ಲ.

ಆ ದಿನಗಳಲ್ಲಿ ನನ್ನ ಜಂಬ ನೋಡಬೇಕಾಗಿತ್ತು. ಸತ್ಯ ಹೇಳಿ ನಷ್ಟ ಮಾಡಿಕೊಂಡವನ ನಡಿಗೆಯೇ ಬೇರೆ. ರೈಲಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ. ಹೆಂಡತಿ ಮೂರನೆಯ ಸಲ ಕೇಳಿಸಿಕೊಂಡು, “ಗೊತ್ತಾಯ್ತು, ಹಾಲು ಉಕ್ಕುತ್ತೆ ಬಿಡಿ” ಎಂದಳು.

ಪರೀಕ್ಷೆ ಮುಗಿದ ಮೇಲೆ ಒಂದು ಸೋಮವಾರ ತಾಯಿ ಮಗಳು ನಂಜನಗೂಡಿಗೆ ಬಂದರು. ಕಾಲು ಸರಿಹೋದರೆ ಬರುತ್ತೇನೆಂದು ತಾಯಿ ಹರಕೆ ಹೊತ್ತುಕೊಂಡಿದ್ದರಂತೆ. ದರ್ಶನ ಮುಗಿಸಿ, ಕೋಲೂರಿಕೊಂಡು ನಮ್ಮ ಮನೆಗೆ ಬಂದು ಒಂದು ಚೀಲ ಅವರೆಕಾಯಿ ಇಳಿಸಿದರು. ತಾಯಿಯನ್ನು ಹೆಂಡತಿ ಒಳಗೆ ಕರೆದುಕೊಂಡು ಹೋದಳು. ಹುಡುಗಿ ಸೂರ್ಯನ ಪುಸ್ತಕವನ್ನು ಕೊನೆಯ ಸಹಿಗೆಂದು ತಂದಿದ್ದಳು. ನಾನು ಒಳಗಿನಿಂದ ನನ್ನ ಪತ್ರದ ನಕಲನ್ನು ತಂದು ಅವಳ ಕೈಗೆ ಕೊಟ್ಟೆ. “ಇಟ್ಕೋಮ್ಮ. ಮುಂದೆ ಯಾರಾದ್ರೂ ಕೇಳಿದ್ರೆ ಇರ್ಲಿ” ಎಂದೆ. ಅವಳ ಕಣ್ಣಲ್ಲಿ ನೀರು ಬರುವುದನ್ನು ನೋಡಲು ಸಿದ್ಧನಾಗಿ ಕುರ್ಚಿಗೆ ಒರಗಿದೆ.

ಅವಳು ನಿಧಾನವಾಗಿ ಓದಿದಳು. ಇನ್ನೊಮ್ಮೆ ಓದಿದಳು.

“ಸಾ, ಒಂದ್ ಮಾತು. ಇದ್ರಲ್ಲಿ ನಾಕ್ ದಿನ ಅಂತ ಬರ್ದಿದೀರಿ.”

“ಹೌದು. ಮಿಕ್ಕ ಎರಡು ದಿನ ನೀನು ಬಂದಿದ್ದೆಯಲ್ಲ, ತಾಳೆ ಆಯ್ತು.”

“ಬಂದಿದ್ದೆ ಸಾ.”

ಸೂರ್ಯನ ಪುಸ್ತಕವನ್ನು ಬಿಡಿಸಿ ಆ ಎರಡು ಬುಧವಾರಗಳ ಹಾಳೆ ತೆಗೆದು ನನ್ನ ಮುಂದಿಟ್ಟಳು. ಸ್ಥಳ: ವಿಭಾಗದ ಮಹಡಿ. ಆಕಾಶ: ತಿಳಿ. ಅದರ ಕೆಳಗಿನ ಷರಾ ಕಾಲಮ್ಮಿನಲ್ಲಿ ಸಣ್ಣ ಅಕ್ಷರಗಳಿದ್ದವು. ಮೊದಲನೆಯದರಲ್ಲಿ, ‘ಅವ್ವನ ವಿಷಯ ಹೇಳಲು ಬಂದೆ. ಸರ್ ರೂಮು ಬೀಗ. ಎರಡು ಗಂಟೆಯವರೆಗೆ ಕಾದೆ.’ ಎರಡನೆಯದರಲ್ಲಿ, ‘ಇಂದೂ ಬೀಗ. ಬಸ್ಸಿಗೆ ಹೊತ್ತಾಯಿತು.’ ಎರಡು ಹಾಳೆಯ ಕೆಳಗೂ ‘ಪರಿಶೀಲಿಸಿದೆ’ ಎಂದು ನನ್ನ ಅಕ್ಷರ.

ಆ ಎರಡು ಬುಧವಾರ ನಾನೆಲ್ಲಿದ್ದೆ ಎಂದು ನೆನಪು ಮಾಡಿಕೊಂಡೆ. ಒಂದು ದಿನ ಬಿಳಿಗೆರೆಯಲ್ಲಿ ಷಡ್ಡಕನ ಮನೆಯ ಗೃಹಪ್ರವೇಶ. ಇನ್ನೊಂದು ದಿನ ಮೆಂಟರ್‌ಗಳಿಗೆ ತರಬೇತಿ ಶಿಬಿರ.

“ಅವತ್ತು ಫೋನಲ್ಲಿ ನಾನು ಹಾಗೆ ರೇಗಿದಾಗ ಇದನ್ನ ಯಾಕಮ್ಮ ಹೇಳಲಿಲ್ಲ?”

“ನಿಮ್ಗೆ ಬೇಜಾರಾಯ್ತದೆ ಅಂತ ಸುಮ್ನಾದೆ ಸಾ.” ನನ್ನ ಪತ್ರದ ಮೇಲೆ ಬೆರಳಿಟ್ಟು, “ಇದು ಬರ್ದಿರೋದಲ್ವಾ ಸಾ. ಅದ್ಕೇ ಏಳ್ದೆ” ಎಂದಳು.

“ತಪ್ಪಾಯಿತಮ್ಮ” ಎಂದೆ. ಪತ್ರವನ್ನು ಅವಳ ಕೈಯಿಂದ ತೆಗೆದುಕೊಂಡು ‘ನಾಲ್ಕು’ ಹೊಡೆದುಹಾಕಿ ‘ಆರು’ ಎಂದು ಬರೆದೆ. ಎರಡು ತಾರೀಕು ಸೇರಿಸಿ, ಪಕ್ಕದಲ್ಲಿ ಸಹಿ ಹಾಕಿ, ಆ ದಿನದ ತಾರೀಕನ್ನೂ ಹಾಕಿದೆ. ಮಾರನೆಯ ದಿನ ಸಮಿತಿಗೂ ಇನ್ನೊಂದು ಪತ್ರ ಕೊಡುತ್ತೇನೆ ಎಂದೆ.

ಅವಳು ಹಾಳೆ ಇಸಿದುಕೊಂಡು ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ಕೊನೆಯವರೆಗೂ ಓದಿದಳು. ಆಮೇಲೆ ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಳು.